ಎರಡು ವರ್ಷದ ಕೂಸಿಗೆ ಬ್ರಿಗೇಡ್ ರಸ್ತೆಯ ದೀಪ ಬೇಕೆ?



ಆಗಮನ ಕಾಲದ ಮೊದಲನೆಯ ಭಾನುವಾರ ಬಂತೆಂದರೆ ಸಾಕು, ತಳಿಯಿಂದ ಹಿಡಿದು ಬಾಗಲೂರಿನವರೆಗೂ ನಮ್ಮ ಲೈನುಮನೆಗಳಲ್ಲಿ ಒಂದೇ ಮಾತು: "ಈ ಸಲ ಹಬ್ಬಕ್ಕೆ ಬೆಂಗಳೂರು." ಬಟವಾಡೆಗೆ ಮುಂಚೆಯೇ ಮೇಸ್ತ್ರಿಯ ಹತ್ತಿರ ಮುಂಗಡ ಕೇಳುವುದು, ಟೆಂಪೋದವನ ಜೊತೆ ಬಾಡಿಗೆ ಮಾತಾಡುವುದು, ಕೂಸಿಗೆ ಕೆಂಪು ಟೋಪಿ ತರುವುದು, ಎಲ್ಲವೂ ನಡೆಯುತ್ತದೆ. ಕೂಸನ್ನು ಮಾತ್ರ ಯಾರೂ ಕೇಳುವುದಿಲ್ಲ. ಅದಕ್ಕೆ ಮಾತೇ ಬಾರದು, ಕೇಳುವುದೇನು ಬಂತು ಎನ್ನುತ್ತೀರಿ. ಅದಕ್ಕಾಗಿಯೇ ಅದರ ಪರವಾಗಿ ಈ ಪತ್ರಿಕೆಯಲ್ಲಿ ಬರೆಯಬೇಕಾಗಿದೆ.

ಸುತ್ತುಬಳಸಿ ಹೇಳುವುದು ಬೇಡ. ಮೂರು ವರ್ಷ ತುಂಬದ ಮಗುವನ್ನು ಡಿಸೆಂಬರ್ 24, 25ರ ರಾತ್ರಿ ಬೆಂಗಳೂರಿನ ದೀಪದ ಬೀದಿಗಳಿಗೆ ಎತ್ತಿಕೊಂಡು ಹೋಗುವುದು ತಪ್ಪು. ಅದು ಮಗುವಿಗೆ ಮಾಡುವ ಉಪಕಾರವಲ್ಲ. ಈ ತಪ್ಪಿನಲ್ಲಿ ಅರ್ಧ ಪಾಲು ನಮ್ಮದು. ಇನ್ನರ್ಧ, ವರ್ಷಕ್ಕೊಂದೇ ದಿನ ರಜೆ ಕೊಟ್ಟು ಅದರಲ್ಲೇ ಹಬ್ಬ, ನೆಂಟರು, ಪೇಟೆ, ಪ್ರಾರ್ಥನೆ ಎಲ್ಲವನ್ನೂ ಮುಗಿಸಿಕೊಂಡು 26ನೇ ತಾರೀಖು ಬೆಳಗ್ಗೆ ಹಾಜರಿಗೆ ನಿಲ್ಲಿರಿ ಎನ್ನುವವರದು. ಎರಡು ಪಾಲಿನ ಮಾತನ್ನೂ ಆಡುತ್ತೇನೆ. ಮೊದಲು ನಮ್ಮದು.

ಆ ಒಂದು ದಿನದ ಲೆಕ್ಕವನ್ನು ಗಂಟೆಗಂಟೆಗೆ ಹಾಕಿ ನೋಡಿ. ಹೂವಿನ ಫಾರಮ್ಮಿನಲ್ಲಿ ಕ್ರಿಸ್ಮಸ್ ಮತ್ತು ಹೊಸ ವರ್ಷದ ಆರ್ಡರು ಒಟ್ಟಿಗೇ ಬರುವ ಕಾಲ ಅದು. 24ರಂದು ಬೆಳಕು ಹರಿಯುವ ಮೊದಲೇ ಕಟಿಂಗಿಗೆ ಇಳಿದ ತಾಯಿ ಗ್ರೇಡಿಂಗ್ ಶೆಡ್ಡಿನಿಂದ ಹೊರಬರುವಾಗ ಹೊತ್ತು ಮುಳುಗಿರುತ್ತದೆ. ತಳಿಯಿಂದ ಹೊಸೂರಿಗೆ ಸುಮಾರು 25 ಕಿಲೋಮೀಟರು, ಹೊಸೂರಿನಿಂದ ಬೆಂಗಳೂರಿಗೆ ಮತ್ತೆ 40. ಕಾಗದದ ಮೇಲೆ ಇದು ದೂರವೇ ಅಲ್ಲ. ಆದರೆ ಹಬ್ಬದ ಹಿಂದಿನ ರಾತ್ರಿ ಅತ್ತಿಬೆಲೆ, ಚಂದಾಪುರ, ಬೊಮ್ಮಸಂದ್ರ, ಸಿಲ್ಕ್ ಬೋರ್ಡು ಎಂದು ಒಂದೊಂದು ಕಡೆಯೂ ಗಾಡಿ ನಿಂತು ನಿಂತು ಹೋಗುವುದನ್ನು ಕಂಡವರಿಗೆ ಗೊತ್ತು, ಈ ದೂರ ಎಷ್ಟು ಉದ್ದವೆಂದು. ಲಾರಿಯ ಹೊಗೆ ಕುಡಿಯುತ್ತಾ ಕೂಸು ತೊಡೆಯ ಮೇಲೆ ಮೂರು ಗಂಟೆ. ಇಳಿದ ಮೇಲೆ ಜನಜಂಗುಳಿಯಲ್ಲಿ ಹೆಗಲ ಮೇಲೆ ಎರಡು ಗಂಟೆ. ನಡುರಾತ್ರಿ ಕಳೆದ ಮೇಲೆ ಮತ್ತೆ ಅದೇ ದಾರಿ. ನಮ್ಮ ಸೀಮೆ ಮೂರು ಸಾವಿರ ಅಡಿಯ ಆಸುಪಾಸಿನಲ್ಲಿದೆ, ಡಿಸೆಂಬರಿನ ಇಬ್ಬನಿ ಎಂಥದ್ದೆಂದು ನಿಮಗೆ ಹೇಳಿಕೊಡಬೇಕಾಗಿಲ್ಲ. 25ರ ಬೆಳಗಿನ ಆರಾಧನೆಗೆ ಆ ಕುಟುಂಬ ಬರುವುದಿಲ್ಲ, ಬಂದರೂ ತಾಯಿ ಕಂಬಕ್ಕೆ ಒರಗಿ ತೂಕಡಿಸುತ್ತಾಳೆ. ಮಗುವಿಗೆ ಮೂಗು ಸೋರುತ್ತಿರುತ್ತದೆ. 26ಕ್ಕೆ ಕೆಮ್ಮು. ತಾಯಿ ಅವತ್ತು ಹಾಜರಿ ತಪ್ಪಿಸುವ ಹಾಗಿಲ್ಲ. ಕೆಮ್ಮುವ ಕೂಸನ್ನು ಅಜ್ಜಿಯ ಕೈಗೆ ಕೊಟ್ಟು ಹೊರಡುತ್ತಾಳೆ.

ಪ್ರತಿವರ್ಷ ಜನವರಿಯ ಮೊದಲ ವಾರದಲ್ಲಿ ನಮ್ಮ ಪ್ರಾರ್ಥನಾಕೂಟದಲ್ಲಿ ಮಕ್ಕಳ ಕಾಯಿಲೆಗಾಗಿ ಬರುವ ಚೀಟಿಗಳು ಯಾಕೆ ಹೆಚ್ಚುತ್ತವೆ ಎಂದು ಯಾರಾದರೂ ಯೋಚಿಸಿದ್ದೀರಾ? ದೇವರನ್ನು ಕೇಳುವುದಕ್ಕೆ ಮುಂಚೆ ನಮ್ಮನ್ನು ನಾವು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು.

ಹೋಗುವ ಗಾಡಿಯ ವಿಷಯ ಇನ್ನೂ ಕೆಟ್ಟದ್ದು. ಬೈಕಿನ ಪೆಟ್ರೋಲ್ ಟ್ಯಾಂಕಿನ ಮೇಲೆ ಕೂಸನ್ನು ಕೂರಿಸಿಕೊಂಡು, ಹಿಂದೆ ಹೆಂಡತಿ, ಅವಳ ಮಡಿಲಲ್ಲಿ ಇನ್ನೊಂದು. ಹೀಗೆ ರಾಷ್ಟ್ರೀಯ ಹೆದ್ದಾರಿ 44ರಲ್ಲಿ ಹತ್ತು ಚಕ್ರದ ಲಾರಿಗಳ ಪಕ್ಕದಲ್ಲಿ ಹೋಗುವವರು ನಮ್ಮವರೇ. 2023ರ ಫೆಬ್ರವರಿ 15ರಿಂದ ಕೇಂದ್ರ ಸರ್ಕಾರದ ನಿಯಮವೊಂದು ಜಾರಿಯಲ್ಲಿದೆ: ಒಂಬತ್ತು ತಿಂಗಳಿಂದ ನಾಲ್ಕು ವರ್ಷದ ಮಗುವನ್ನು ಬೈಕಿನಲ್ಲಿ ಕೂರಿಸಿದರೆ ಅದಕ್ಕೆ ಓಡಿಸುವವರ ಮೈಗೆ ಕಟ್ಟುವ ಪಟ್ಟಿ ಇರಬೇಕು, ತಲೆಗೆ ಸರಿಯಾದ ಹೆಲ್ಮೆಟ್ ಇರಬೇಕು, ಗಾಡಿ ಗಂಟೆಗೆ 40 ಕಿಲೋಮೀಟರಿಗಿಂತ ಜೋರಾಗಿ ಹೋಗಬಾರದು. ಕೆಂಪು ಬಣ್ಣದ ಹತ್ತಿಯ ಟೋಪಿ ಹೆಲ್ಮೆಟ್ ಅಲ್ಲ. ಇನ್ನು ಕೋಸು, ಟೊಮೇಟೊ ಹೊರುವ ಟೆಂಪೋದಲ್ಲಿ ಮೂವತ್ತು ಜನ ನಿಂತುಕೊಂಡು ಹಾಡು ಹೇಳಿಕೊಂಡು ಹೋಗುವ ವಾಡಿಕೆ. ಸಾಮಾನು ಸಾಗಿಸುವ ಗಾಡಿಯಲ್ಲಿ ಜನರನ್ನು ತುಂಬುವುದು ಕಾನೂನಿಗೆ ವಿರೋಧ. ಅಪಘಾತವಾದರೆ ವಿಮೆಯ ಹಣಕ್ಕೂ ಅಲೆದಾಡಬೇಕಾಗುತ್ತದೆ. ಇಂಥ ಟೆಂಪೋಗಳನ್ನು ಗೊತ್ತು ಮಾಡಿಕೊಡುವವರಲ್ಲಿ ನಮ್ಮ ಯುವಜನ ಸಂಘದವರೂ, ಒಬ್ಬಿಬ್ಬರು ಸಭಾಹಿರಿಯರೂ ಇದ್ದಾರೆ. ಅವರ ಮೇಲೆ ನನಗೆ ದ್ವೇಷವಿಲ್ಲ. ಆದರೆ ಹಿಂಬದಿಯ ಹಲಗೆಗೆ ಕಟ್ಟಿದ ಹಗ್ಗ ಹಿಡಿದು ಮಗುವನ್ನು ಎತ್ತಿಕೊಂಡು ನಿಂತಿರುವ ತಂಗಿಯನ್ನು ಅವರು ಡ್ರೈವರಿನ ಪಕ್ಕದಲ್ಲಿ ಕುಳಿತು ಒಂದು ಸಲವಾದರೂ ತಿರುಗಿ ನೋಡಬೇಕಾಗಿತ್ತು.

ಜನಜಂಗುಳಿಯ ಮಾತಿಗೆ ಬರೋಣ. "ಏನಾಗುತ್ತೆ ಬಿಡಣ್ಣಾ, ಎಲ್ಲಾರೂ ಹೋಗ್ತಾರೆ" ಎನ್ನುವವರು ಮೂರು ದಿನಾಂಕಗಳನ್ನು ನೆನಪಿಟ್ಟುಕೊಳ್ಳಬೇಕು. 2016ರ ಡಿಸೆಂಬರ್ 31ರ ರಾತ್ರಿ ಅದೇ ಎಂ.ಜಿ. ರಸ್ತೆ, ಬ್ರಿಗೇಡ್ ರಸ್ತೆಯಲ್ಲಿ ಹೊಸ ವರ್ಷದ ಗುಂಪಿನಲ್ಲಿ ಹೆಣ್ಣುಮಕ್ಕಳ ಮೇಲೆ ಕೈ ಹಾಕಿದ ಸುದ್ದಿ ದೇಶವನ್ನೆಲ್ಲ ತಲೆತಗ್ಗಿಸುವಂತೆ ಮಾಡಿತು. 2025ರ ಜೂನ್ 4ರಂದು ಆ ಬೀದಿಗಳಿಗೆ ಸ್ವಲ್ಪವೇ ದೂರದಲ್ಲಿರುವ ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲಲ್ಲಿ ಕ್ರಿಕೆಟ್ ಗೆಲುವಿನ ಸಂಭ್ರಮ ನೋಡಲು ಹೋದವರಲ್ಲಿ 11 ಜನ ಕಾಲ್ತುಳಿತಕ್ಕೆ ಸಿಕ್ಕಿ ಸತ್ತರು. ಅದೇ ವರ್ಷ ಸೆಪ್ಟೆಂಬರ್ 27ರಂದು ನಮ್ಮ ತಮಿಳುನಾಡಿನದೇ ಕರೂರಿನಲ್ಲಿ ಸಿನಿಮಾ ನಟರೊಬ್ಬರ ರಾಜಕೀಯ ಸಭೆಗೆ ಹೋದವರಲ್ಲಿ 41 ಜನ ಸತ್ತರು, ಅವರಲ್ಲಿ ಎಳೆಯ ಮಕ್ಕಳೂ ಇದ್ದರು. ಅಲ್ಲಿಗೆ ಮಕ್ಕಳನ್ನು ಕರೆದೊಯ್ದ ತಾಯಂದಿರು ಕೆಟ್ಟವರಾಗಿರಲಿಲ್ಲ. ಮಗುವಿಗೂ ತೋರಿಸೋಣ ಎಂದುಕೊಂಡ ನಮ್ಮಂಥವರೇ. ಗುಂಪು ಒತ್ತಿಕೊಂಡಾಗ ಆಳು ಎತ್ತರದವನಿಗೆ ಮುಖದ ಮುಂದೆ ಗಾಳಿಯಾದರೂ ಇರುತ್ತದೆ. ಮಗುವಿನ ಮುಖ ದೊಡ್ಡವರ ಮೊಣಕಾಲಿನ ಹತ್ತಿರ, ಎತ್ತಿಕೊಂಡರೆ ಎರಡು ಎದೆಗಳ ನಡುವೆ. ಅದು ಕೂಗಿದರೂ ವಾದ್ಯದ ಸದ್ದಿನಲ್ಲಿ ಯಾರಿಗೂ ಕೇಳಿಸುವುದಿಲ್ಲ.

ಕಳೆದುಹೋಗುವುದು ಬೇರೆ. ಎರಡು ವರ್ಷದ ಮಗುವಿಗೆ ತನ್ನ ಹೆಸರು ಹೇಳಲು ಬಂದರೂ ಊರಿನ ಹೆಸರು ಬರುವುದಿಲ್ಲ. ಅಪ್ಪ ಯಾರೆಂದರೆ "ಅಪ್ಪ" ಎನ್ನುತ್ತದೆ. ಅದು ಕನ್ನಡದಲ್ಲಿ ಅಳುತ್ತದೋ ತೆಲುಗಿನಲ್ಲೋ ತಮಿಳಿನಲ್ಲೋ, ನಮ್ಮ ಹೊಸೂರು ಸೀಮೆಯ ಮಕ್ಕಳು ಮೂರನ್ನೂ ಕಲಸಿ ಮಾತಾಡುತ್ತವೆ. ಪೊಲೀಸಿನವರು ಗಡಿಯ ಯಾವ ಕಡೆ ಹುಡುಕಬೇಕು?

ಇಲ್ಲಿ ಒಬ್ಬ ಸಹೋದರರು ನನ್ನೊಡನೆ ವಾದ ಮಾಡಿದ್ದನ್ನು ಹೇಳಬೇಕು. ಅವರು ಸತ್ಯವೇದ ಓದಿದವರು. "ಏನಣ್ಣಾ, ನಮ್ಮ ಸ್ವಾಮೀನೇ ಹುಟ್ಟಿದ್ದು ಪ್ರಯಾಣದಲ್ಲಿ. ನಲವತ್ತು ದಿನದ ಕೂಸನ್ನ ಯೆರೂಸಲೇಮಿಗೆ ಎತ್ಕೊಂಡು ಹೋಗ್ಲಿಲ್ವಾ? ಐಗುಪ್ತಕ್ಕೆ ರಾತ್ರೋರಾತ್ರಿ ಹೊರಡಲಿಲ್ವಾ? ಮರಿಯಮ್ಮನಿಗಿಲ್ಲದ ಭಯ ನನ್ನ ಹೆಂಡತಿಗ್ಯಾಕೆ?" ಎಂದರು. ಒಳ್ಳೆಯ ಪ್ರಶ್ನೆ. ಆದರೆ ಓದಿದ್ದನ್ನು ಪೂರ್ತಿ ಓದಬೇಕು. ಯೋಸೇಫ ಮರಿಯರು ಬೇತ್ಲೆಹೇಮಿಗೆ ಹೋದದ್ದು ದೀಪ ನೋಡುವುದಕ್ಕಲ್ಲ. ಜನಗಣತಿಗೆ ಹೆಸರು ಬರೆಸಬೇಕೆಂದು ಔಗುಸ್ತ ಚಕ್ರವರ್ತಿ ಆಜ್ಞೆ ಹೊರಡಿಸಿದ, ತುಂಬು ಗರ್ಭಿಣಿಯೆಂದು ರಿಯಾಯಿತಿ ಕೊಡಲಿಲ್ಲ. ಅಧಿಕಾರಸ್ಥರು ದಿನ ಗೊತ್ತು ಮಾಡಿದರು, ಬಡವರು ನಡೆದರು. ಐಗುಪ್ತಕ್ಕೆ ಓಡಿದ್ದು ಹೆರೋದನ ಕತ್ತಿಯಿಂದ ಕೂಸನ್ನು ಉಳಿಸುವುದಕ್ಕೆ. ಯೆರೂಸಲೇಮಿನ ದೇವಾಲಯಕ್ಕೆ ಹೋದದ್ದು ಧರ್ಮಶಾಸ್ತ್ರದ ಪ್ರಕಾರ ಕಾಣಿಕೆ ಸಲ್ಲಿಸಲು, ಕುರಿಮರಿ ಕೊಳ್ಳಲಾರದ ಬಡವರಿಗೆ ಗೊತ್ತು ಮಾಡಿದ ಹಕ್ಕಿಗಳ ಕಾಣಿಕೆ ಹಿಡಿದುಕೊಂಡು. ಈ ಮೂರು ಪ್ರಯಾಣಗಳಲ್ಲಿ ಒಂದಾದರೂ ವಿಹಾರವೇ?

ಆದರೆ ಲೂಕನು ಇನ್ನೊಂದು ಪ್ರಯಾಣವನ್ನೂ ಬರೆದಿದ್ದಾನೆ, ಅದನ್ನು ಆ ಸಹೋದರರು ಎತ್ತಲಿಲ್ಲ. ಪಸ್ಕಹಬ್ಬಕ್ಕೆ ದೊಡ್ಡ ಪಟ್ಟಣಕ್ಕೆ ಹೋದ ಅದೇ ತಂದೆತಾಯಿ ಹಬ್ಬ ಮುಗಿಸಿ ಹೊರಟಾಗ, ಹುಡುಗ ನೆಂಟರ ಗುಂಪಿನಲ್ಲಿ ಎಲ್ಲೋ ಇದ್ದಾನೆಂದು ತಿಳಿದು ಒಂದು ದಿನದ ದಾರಿ ನಡೆದುಬಿಟ್ಟರು. ತಿರುಗಿ ಹೋಗಿ ಹುಡುಕಿದರು, ಸಿಕ್ಕಿದ್ದು ಮೂರು ದಿನದ ಮೇಲೆ. ಮಗನಿಗೆ ಆಗ ಹನ್ನೆರಡು ವರ್ಷ, ಬೋಧಕರ ಜೊತೆ ವಾದ ಮಾಡುವಷ್ಟು ಬುದ್ಧಿ. ತಾಯಿ ಲೋಕದಲ್ಲೇ ಧನ್ಯಳು. ಅಂಥವರ ಕಣ್ಣು ತಪ್ಪಿಸಿ ಹಬ್ಬದ ಪಟ್ಟಣ ಮಗನನ್ನು ಮೂರು ದಿನ ಇಟ್ಟುಕೊಂಡಿತು. "ಅವನು ಅತ್ತೆಯ ಹತ್ತಿರ ಇರಬೇಕು, ಇವಳು ಚಿಕ್ಕಪ್ಪನ ಹೆಗಲ ಮೇಲೆ ಇರಬೇಕು" ಎಂದುಕೊಳ್ಳುವ ನಮ್ಮ ಗುಂಪು ಪ್ರಯಾಣಗಳಿಗೆ ಇದಕ್ಕಿಂತ ನೇರವಾಗಿ ತಾಗುವ ವಚನಭಾಗ ನನಗೆ ತಿಳಿದಿಲ್ಲ. ಕ್ರಿಸ್ಮಸ್ ಹತ್ತಿರ ಬಂದಾಗ ಸಭಾಪಾಲಕರು ಇದರ ಮೇಲೆ ಒಂದು ಪ್ರಸಂಗ ಮಾಡಿದರೆ ಒಳ್ಳೆಯದು. ಪ್ರತಿವರ್ಷ ಕುರುಬರ ಮೇಲೆಯೇ ಮಾಡುತ್ತಾರೆ.

ಇನ್ನು "ಮಗುವಿಗೋಸ್ಕರ" ಎಂಬ ಮಾತು. ಇದು ಈ ವಾದದಲ್ಲಿ ಎಲ್ಲಕ್ಕಿಂತ ದೊಡ್ಡ ಸುಳ್ಳು. ಮೂರು ವರ್ಷದೊಳಗೆ ಕಂಡದ್ದರಲ್ಲಿ ದೊಡ್ಡವರಾದ ಮೇಲೆ ನೆನಪಿನಲ್ಲಿ ಉಳಿಯುವುದು ಏನೂ ಇಲ್ಲವೆನ್ನುವಷ್ಟು ಕಡಿಮೆ. ನಿಮ್ಮ ನೆನಪನ್ನೇ ಕೆದಕಿ ನೋಡಿಕೊಳ್ಳಿ. ಅಂಗಡಿ ಬಾಗಿಲಲ್ಲಿ ಹತ್ತಿಯ ಗಡ್ಡ ಕಟ್ಟಿಕೊಂಡು ನಿಂತ ಕ್ರಿಸ್ಮಸ್ ತಾತನ ತೊಡೆಯ ಮೇಲೆ ಕೂಸನ್ನು ಕೂರಿಸಿ ಫೋಟೋ ತೆಗೆಯುತ್ತೀರಿ. ಕೂಸು ಕಿಟಾರನೆ ಕಿರುಚುತ್ತದೆ. ಆ ಕಿರುಚುವ ಫೋಟೋ ರಾತ್ರಿಯೇ ಎಲ್ಲರ ಫೋನಿಗೂ ಹೋಗುತ್ತದೆ, ನೋಡಿದವರು ನಗುತ್ತಾರೆ. ಅದು ಮಗುವಿನ ಸಂತೋಷವೋ ನಮ್ಮ ಪ್ರತಿಷ್ಠೆಯೋ? ಪಕ್ಕದ ಲೈನಿನವರು ಹೋದರು, ಸೂಪರ್‌ವೈಸರನ ಮನೆಯವರು ಹೋದರು, ನಾವು ಹೋಗದಿದ್ದರೆ ಹೇಗೆ ಎಂಬ ಸಂಕಟ ದೊಡ್ಡವರದು. ಆ ಸಂಕಟವನ್ನು ಹೊರಲು ಹತ್ತು ಕಿಲೋ ತೂಕದ ಜೀವವೊಂದನ್ನು ಹಚ್ಚುವುದು ನ್ಯಾಯವೇ?

ಸಂಕಟದ ಒಳಗೆ ಇನ್ನೊಂದು ಸಂಕಟವಿದೆ, ಅದನ್ನು ಹಗುರವಾಗಿ ಮಾತಾಡಲಾರೆ. ನಮ್ಮ ಹೆಣ್ಣುಮಕ್ಕಳಲ್ಲಿ ಎಷ್ಟೋ ಜನ ತಮ್ಮ ಕೂಸನ್ನು ಹಗಲು ಬೆಳಕಿನಲ್ಲಿ ನೋಡುವುದು ಭಾನುವಾರ ಮಾತ್ರ. ಹೋಗುವಾಗ ಮಲಗಿರುತ್ತದೆ, ಬರುವಾಗಲೂ ಮಲಗಿರುತ್ತದೆ. ವರ್ಷವೆಲ್ಲ ಅಜ್ಜಿಯ ಸೊಂಟದ ಮೇಲೆ ಬಿಟ್ಟ ಮಗುವಿಗೆ ಒಂದು ದಿನವಾದರೂ ಎಲ್ಲ ತೋರಿಸಿಬಿಡೋಣ, ಎಲ್ಲ ಕೊಡಿಸಿಬಿಡೋಣ ಎಂಬ ತಾಯಿಯ ಕರುಳು ನನಗೆ ಅರ್ಥವಾಗುತ್ತದೆ. ಆ ಕರುಳಿನ ಮೇಲೆ ಬೆಂಗಳೂರಿನ ಅಂಗಡಿಗಳೂ, ಇಲ್ಲಿನ ಮುಂಗಡ ಕೊಡುವ ಮೇಸ್ತ್ರಿಯೂ ಒಟ್ಟಿಗೇ ವ್ಯಾಪಾರ ಮಾಡುತ್ತಾರೆ. ಟೆಂಪೋ ಬಾಡಿಗೆಯ ಪಾಲು, ಊಟ, ಬೆಲೂನು, ಬಟ್ಟೆ, ಮಾರನೆಯ ವಾರ ಔಷಧಿ ಅಂಗಡಿ, ಹಾಜರಿ ತಪ್ಪಿದ ದಿನದ ಕೂಲಿ, ಇದನ್ನೆಲ್ಲ ಒಂದು ಚೀಟಿಯಲ್ಲಿ ನೀವೇ ಬರೆದು ಕೂಡಿಸಿ. ಮುಂಗಡ ತೀರುವವರೆಗೆ ಆ ಮೇಸ್ತ್ರಿಯ ಎದುರು ಬಾಯಿ ತೆರೆಯಲಾಗದು ಎಂಬುದನ್ನೂ ಕೊನೆಯಲ್ಲಿ ಬರೆದುಕೊಳ್ಳಿ, ಅದಕ್ಕೆ ರೂಪಾಯಿಯ ಬೆಲೆ ಇಲ್ಲದಿದ್ದರೂ.

"ಹಾಗಾದರೆ ಕೂಲಿಯವರು ಬೆಂಗಳೂರು ನೋಡಬಾರದೋ? ಅದು ಕಾರಿನವರಿಗೆ ಮಾತ್ರವೋ?" ಇದು ನನಗೆ ಬರುವ ಬೈಗುಳದಲ್ಲಿ ನಾನು ಗೌರವಿಸುವ ಬೈಗುಳ. ಉತ್ತರ: ನೋಡಬೇಕು. ಧಾರಾಳವಾಗಿ ನೋಡಬೇಕು. ಬೆಂಗಳೂರು ನಮಗೆ ಪರಸ್ಥಳವಲ್ಲ. ಚೆನ್ನೈ ನಮಗೆ 300 ಕಿಲೋಮೀಟರಿಗೂ ಆಚೆ, ಬೆಂಗಳೂರು ಕೂಗಳತೆ. 1956ರಲ್ಲಿ ಭಾಷಾವಾರು ಗೆರೆ ಎಳೆದಾಗ ಹೊಸೂರು ಸೀಮೆ ಮದರಾಸಿನ ಕಡೆಗೆ ಉಳಿಯಿತು, ಸೇಲಂ ಜಿಲ್ಲೆಯಿಂದ ಧರ್ಮಪುರಿಗೂ 2004ರಲ್ಲಿ ಕೃಷ್ಣಗಿರಿಗೂ ಸೇರಿತು. ಆದರೆ ನಮ್ಮ ಕಾಲು ಮಾತ್ರ ಯಾವತ್ತೂ ಬೆಂಗಳೂರಿನ ಕಡೆಗೇ. ನಮ್ಮ ಹಿರಿಯರು ಸೆಪ್ಟೆಂಬರ್ 8ರ ಮಾತೆಯ ಹಬ್ಬಕ್ಕೆ ಶಿವಾಜಿನಗರಕ್ಕೆ, ಫಲಪುಷ್ಪ ಪ್ರದರ್ಶನಕ್ಕೆ ಲಾಲ್‌ಬಾಗಿಗೆ ಹೋಗಿಬರುತ್ತಿದ್ದರು. ಇವತ್ತು ಬ್ರಿಗೇಡ್ ರಸ್ತೆಯ ಹೋಟೆಲಿನ ಮೇಜಿನ ಮೇಲೆ ನಿಂತಿರುವ ಗುಲಾಬಿಯ ಮುಳ್ಳು ತಾಗಿದ್ದು ನಮ್ಮ ಹೆಣ್ಣುಮಕ್ಕಳ ಬೆರಳಿಗೆ. ಅದನ್ನು ನೋಡುವ ಹಕ್ಕು ಅವರಿಗಿಲ್ಲವೆಂದು ಹೇಳುವವನ ಬಾಯಿಗೆ ಮಣ್ಣು. ಬಡವರು ದುಂದು ಮಾಡುತ್ತಾರೆಂದು ವರ್ಷಕ್ಕೊಮ್ಮೆ ಪೀಠದಿಂದ ಬೈದು, ಅದೇ ಸಂಜೆ ತಮ್ಮ ಮಕ್ಕಳನ್ನು ಕಾರಿನಲ್ಲಿ ಕೂರಿಸಿಕೊಂಡು ಹೊರಡುವವರ ಜೊತೆ ನನ್ನನ್ನು ಸೇರಿಸಬೇಡಿ.

ನನ್ನ ಜಗಳ ಊರಿನ ಮೇಲಲ್ಲ. ಹೋಗುವ ಹೊತ್ತಿನ ಮೇಲೆ, ಹೋಗುವ ಬೀದಿಯ ಮೇಲೆ, ಹೋಗುವ ರೀತಿಯ ಮೇಲೆ. ಹಬ್ಬ ಕಳೆದ ಮೇಲೆ ಒಂದು ಹಗಲು ಹೋಗಿ. ಐದು ವರ್ಷದವರೆಗಿನ ಮಕ್ಕಳಿಗೆ ತಮಿಳುನಾಡಿನ ಸರ್ಕಾರಿ ಬಸ್ಸಿನಲ್ಲಿ ಟಿಕೆಟಿಲ್ಲ. (ನಮ್ಮ ಹೆಂಗಸರಿಗೆ ಒಂದು ಎಚ್ಚರಿಕೆ: 2023ರ ಜೂನ್ 11ರಂದು ಶುರುವಾದ ಕರ್ನಾಟಕದ ಶಕ್ತಿ ಯೋಜನೆ ಆ ರಾಜ್ಯದ ವಿಳಾಸ ಇರುವವರಿಗೆ, ನಮ್ಮ ಕಾರ್ಡು ತೋರಿಸಿದರೆ ನಡೆಯದು, ಕಂಡಕ್ಟರನೊಡನೆ ಜಗಳ ಬೇಡ.) 2025ರ ಆಗಸ್ಟ್ 10ರಂದು ಉದ್ಘಾಟನೆಯಾದ ಮೆಟ್ರೋದ ಹಳದಿ ಮಾರ್ಗ ಬೊಮ್ಮಸಂದ್ರದಿಂದ ಆರ್.ವಿ. ರಸ್ತೆಯವರೆಗೆ ಹೋಗುತ್ತದೆ. ಹೊಸೂರಿನ ಬಸ್ಸಿನಲ್ಲಿ ಬೊಮ್ಮಸಂದ್ರದಲ್ಲಿ ಇಳಿದು ರೈಲು ಹತ್ತಿದರೆ ಸಿಲ್ಕ್ ಬೋರ್ಡಿನ ಹೊಗೆಯನ್ನು ಮೇಲಿನಿಂದಲೇ ದಾಟಬಹುದು. ಆರ್.ವಿ. ರಸ್ತೆಯಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿದರೆ ಜಯನಗರ, ಸೌತ್ ಎಂಡ್ ಸರ್ಕಲ್ ಆದಮೇಲೆ ಲಾಲ್‌ಬಾಗ್. ಹೈದರಾಲಿ 1760ರಲ್ಲಿ ಶುರುಮಾಡಿದ ತೋಟ, 240 ಎಕರೆ. ಎರಡು ವರ್ಷದ ಕೂಸಿಗೆ ಬೇಕಾದ ಬೆಂಗಳೂರು ಅದು. ನೆಲಕ್ಕೆ ಬಿಟ್ಟರೆ ಓಡಲು ಜಾಗ, ಹಿಡಿಯಲು ಪಾರಿವಾಳ, ಬಿದ್ದರೆ ಹುಲ್ಲು. ಮನೆಯಿಂದ ತಂದ ಬುತ್ತಿ ಬಿಚ್ಚಿ ಉಣ್ಣಿಸಿ, ಮಧ್ಯಾಹ್ನ ಮರದ ಕೆಳಗೆ ಮಲಗಿಸಿ, ಹೊತ್ತಿರುವಾಗಲೇ ಹಿಂದಿರುಗಬಹುದು. ಅಜ್ಜಿಯನ್ನೂ ಕರೆದುಕೊಂಡು ಹೋಗಿ. ವರ್ಷವೆಲ್ಲ ಕೂಸನ್ನು ಸಾಕಿದವಳು ಅವಳು, ಪೇಟೆ ನೋಡುವ ದಿನ ಅವಳನ್ನು ಕೋಳಿ ಕಾಯಲು ಬಿಡುವ ಪದ್ಧತಿ ಎಲ್ಲಿಯದು?

ಹೊರಡುವ ಮುನ್ನ ಅಂಗನವಾಡಿಯ ಚೀಟಿ ತೆಗೆದು ನೋಡಿ, ದಡಾರ-ರುಬೆಲ್ಲಾ ಲಸಿಕೆಯ ಎರಡನೇ ಡೋಸು 16ರಿಂದ 24 ತಿಂಗಳೊಳಗೆ ಆಗಿರಬೇಕು. ಬಾಟಲಿಯಲ್ಲಿ ಹಾಲು ತುಂಬಿಕೊಂಡು ಹೋಗಬೇಡಿ, ದಾರಿಯಲ್ಲಿ ಹುಳಿಯುತ್ತದೆ. ಎದೆಹಾಲು ಕುಡಿಯುವ ಮಗುವಿಗೆ ಅದನ್ನೇ ಕೊಡಿ, ಎರಡು ವರ್ಷದವರೆಗೂ ಆಮೇಲೂ ಕೊಡಬಹುದು. ಮಗುವಿನ ಅಂಗಿಯ ಒಳಗೆ ಬಟ್ಟೆಯ ತುಂಡಿನಲ್ಲಿ ಫೋನ್ ನಂಬರು ಬರೆದು ಹೊಲಿಯಿರಿ. ಕಳೆದುಹೋದರೆ 1098 ಅಥವಾ 112, ಆಂಬುಲೆನ್ಸಿಗೆ 108. ಬಂದ ಮೇಲೆ ಭೇದಿಯಾದರೆ ಓ.ಆರ್.ಎಸ್. ಪುಡಿಯ ದೊಡ್ಡ ಪ್ಯಾಕೆಟ್ಟನ್ನು ಕುದಿಸಿ ಆರಿಸಿದ ಒಂದು ಲೀಟರು ನೀರಿಗೆ ಪೂರ್ತಿ ಹಾಕಿ ಆಗಾಗ್ಗೆ ಕುಡಿಸಿ, ಮಾರನೆಯ ದಿನಕ್ಕೆ ಉಳಿದದ್ದನ್ನು ಚೆಲ್ಲಿ. ಕೆಮ್ಮು ಬಂದಿದ್ದರೆ ಮಗು ಅಳದೆ ಸುಮ್ಮನಿರುವಾಗ ಗಡಿಯಾರ ಹಿಡಿದು ಒಂದು ನಿಮಿಷ ಪೂರ್ತಿ ಉಸಿರು ಎಣಿಸಿ. ವರ್ಷ ತುಂಬಿದ ಮಗು ನಿಮಿಷಕ್ಕೆ 40 ಅಥವಾ ಹೆಚ್ಚು ಸಲ, ವರ್ಷ ತುಂಬದ ಕೂಸು 50 ಅಥವಾ ಹೆಚ್ಚು ಸಲ ಉಸಿರಾಡಿದರೆ, ಇಲ್ಲವೆ ಉಸಿರೆಳೆಯುವಾಗ ಪಕ್ಕೆಯ ಕೆಳಗೆ ಗುಳಿ ಬಿದ್ದರೆ, ಎಣ್ಣೆ ಹಚ್ಚುತ್ತಾ ಮಂತ್ರಿಸುತ್ತಾ ಕೂರಬೇಡಿ. ಆವತ್ತೇ ಆಸ್ಪತ್ರೆ. ಪ್ರಾರ್ಥನೆಯನ್ನು ದಾರಿಯಲ್ಲಿ ಮಾಡಬಹುದು.

ಈಗ ಇನ್ನರ್ಧ ಪಾಲಿನವರ ಮಾತು.

ಹಬ್ಬ ಕಳೆದ ಮೇಲೆ ಹಗಲು ಹೋಗಿ ಎಂದು ನಾನು ಸುಲಭವಾಗಿ ಬರೆದೆ. ಯಾವ ಹಗಲು? 26ರಂದು ಬರದಿದ್ದರೆ ಇನ್‌ಸೆಂಟಿವ್ ಕಟ್ ಎಂದು ಬೋರ್ಡು ಹಾಕುವ ಫಾರಮ್ಮುಗಳಿವೆ. ಜನ ಹಬ್ಬದ ರಾತ್ರಿಯೇ ನುಗ್ಗುವುದು ದೀಪದ ಆಸೆಗೆ ಮಾತ್ರವಲ್ಲ, ಬೇರೆ ದಿನವೇ ಇಲ್ಲವೆಂದು. ತಮಿಳುನಾಡಿನಲ್ಲಿ 1958ರಿಂದ ರಾಷ್ಟ್ರೀಯ ಮತ್ತು ಹಬ್ಬದ ರಜೆಗಳ ಕಾಯ್ದೆ ಇದೆ. ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ಇವುಗಳ ಮೇಲೆ ಇನ್ನೂ ಐದು ಹಬ್ಬದ ರಜೆ, ಕೂಲಿ ಸಮೇತ. ಆ ದಿನ ಕೆಲಸ ಮಾಡಿಸಿಕೊಂಡರೆ ಎರಡು ಪಟ್ಟು ಕೂಲಿ ಕೊಡಬೇಕು, ಇಲ್ಲವೆ ಆ ದಿನದ ಕೂಲಿಯ ಜೊತೆಗೆ ಬದಲಿ ರಜೆ ಕೊಡಬೇಕು. ಆ ಐದು ಹಬ್ಬಗಳು ಯಾವುವೆಂಬ ಪಟ್ಟಿ ತಯಾರಾಗುವಾಗ ನಮ್ಮ ಕಡೆಯವರು ಯಾರಾದರೂ ಬಾಯಿ ತೆರೆದಿದ್ದೇವೆಯೇ? ನಿಮ್ಮದು ಕಾರ್ಖಾನೆಯಲ್ಲ, ತೋಟವಲ್ಲ, ಹೂವಿನ ಬೇಸಾಯ, ಈ ಕಾಯ್ದೆ ನಿಮಗೆ ಹತ್ತುವುದಿಲ್ಲ ಎಂದು ಹೇಳುವ ಮ್ಯಾನೇಜರರೂ ಇದ್ದಾರೆ. ಹಾಗೆ ಹೇಳಿದರೆ ಅದನ್ನು ಕಾಗದದ ಮೇಲೆ ಬರೆದುಕೊಡಿ ಎನ್ನಿ. ಕೃಷ್ಣಗಿರಿಯ ಕಾರ್ಮಿಕ ಇಲಾಖೆಗೆ ಆ ಕಾಗದವನ್ನು ತೋರಿಸಿ ಕೇಳೋಣ.

ಕೂಸನ್ನು ಹಗಲು ಯಾರು ನೋಡಬೇಕೆಂಬ ಪ್ರಶ್ನೆಯೂ ಇದಕ್ಕೇ ಅಂಟಿಕೊಂಡಿದೆ. 1951ರ ತೋಟಗಾರ್ಮಿಕರ ಕಾಯ್ದೆಯಲ್ಲಿ 50 ಹೆಂಗಸರು ದುಡಿಯುವ ಕಡೆ ಶಿಶುವಿಹಾರ ಇರಬೇಕೆಂದು ಬರೆದಿತ್ತು, ಆದರೆ ಅದು ಚಹಾ, ಕಾಫಿ, ರಬ್ಬರು, ಏಲಕ್ಕಿಯಂಥ ತೋಟಗಳಿಗೆ. ನೀಲಗಿರಿಯ ನಮ್ಮ ನೆಂಟರಿಗೆ ಸಿಕ್ಕ ತೊಟ್ಟಿಲು ಗುಲಾಬಿಯ ಪಾಲಿಹೌಸಿಗೆ ಬರಲಿಲ್ಲ. 1948ರ ಕಾರ್ಖಾನೆ ಕಾಯ್ದೆಯಲ್ಲಿ 30ಕ್ಕಿಂತ ಹೆಚ್ಚು ಹೆಂಗಸರಿದ್ದರೆ ಎಂದಿತ್ತು. ಎಷ್ಟೋ ಕಡೆ ಆ ಕೋಣೆಯಲ್ಲಿ ಖಾಲಿ ಪೆಟ್ಟಿಗೆ ಒಟ್ಟಿದ್ದನ್ನು ನಾವು ಕಂಡವರೇ. 2025ರ ನವೆಂಬರ್ 21ರಂದು ಈ ಹಳೆಯ ಕಾಯ್ದೆಗಳ ಸ್ಥಳದಲ್ಲಿ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಅದರಲ್ಲಿ 50ಕ್ಕಿಂತ ಹೆಚ್ಚು ಕೆಲಸಗಾರರಿರುವಲ್ಲಿ ಶಿಶುವಿಹಾರದ ಮಾತಿದೆ, ಗಂಡಸರೆಂದು ಹೆಂಗಸರೆಂದು ಬೇರೆ ಎಣಿಸದೆ. ಎಣಿಸುವ ಕೆಲಸ ನಾವೇ ಮಾಡಬೇಕು, ಕಾಂಟ್ರಾಕ್ಟಿನವರನ್ನೂ ಸೇರಿಸಿ. ದಿನವೂ ಮಧ್ಯಾಹ್ನ ಹತ್ತು ನಿಮಿಷ ಕೂಸಿನ ಮುಖ ನೋಡಿ ಬರುವ ತಾಯಿಗೆ, ವರ್ಷಕ್ಕೊಂದು ರಾತ್ರಿಯಲ್ಲಿ ಎಲ್ಲವನ್ನೂ ತೀರಿಸಿಕೊಳ್ಳುವ ಅವಸರ ಇರುವುದಿಲ್ಲ.

2026ರಲ್ಲಿ ಡಿಸೆಂಬರ್ 25 ಶುಕ್ರವಾರ ಬರುತ್ತದೆ. ಶನಿವಾರ ಒಂದು ದಿನ ಬದಲಿ ರಜೆ ಸಿಕ್ಕರೆ ಭಾನುವಾರ ಸೇರಿ ಮೂರು ದಿನ. ಶುಕ್ರವಾರ ನಮ್ಮ ಸಭೆಯಲ್ಲಿ ಹಬ್ಬ, ಶನಿವಾರ ಬೇಕಾದವರಿಗೆ ಲಾಲ್‌ಬಾಗು, ಭಾನುವಾರ ನೆಂಟರು, ನಿದ್ದೆ. ಒಂದು ಭಾನುವಾರ ಕೆಲಸ ಮಾಡಿಕೊಟ್ಟು ಆ ಶನಿವಾರವನ್ನು ಕೊಳ್ಳಲು ಸಿದ್ಧರೆಂದು ನಾವೇ ಮುಂದಾಗಿ ಬರೆದರೆ, ಹೊಸ ವರ್ಷದ ಆರ್ಡರಿನ ನೆಪ ಹೇಳುವವರಿಗೂ ಉತ್ತರ ಸಿಕ್ಕಂತಾಗುತ್ತದೆ. ಡಿಸೆಂಬರಿನಲ್ಲಿ ಕೇಳಿದರೆ ಇಲ್ಲವೆನ್ನುತ್ತಾರೆ. ಆಗಸ್ಟಿನಲ್ಲೇ ಕೇಳಬೇಕು, ಒಬ್ಬೊಬ್ಬರಾಗಿ ಅಲ್ಲ, ಲೈನಿನವರೆಲ್ಲ ಒಂದೇ ಕಾಗದಕ್ಕೆ ಹೆಬ್ಬೆಟ್ಟು ಒತ್ತಿ. ಹಿಂದೂ, ಮುಸಲ್ಮಾನ ಕೆಲಸಗಾರರೂ ಸಹಿ ಹಾಕಲಿ, ಅವರ ಯುಗಾದಿ, ರಂಜಾನಿನ ಕಾಗದಕ್ಕೆ ನಾವು ಹಾಕೋಣ.

ಮನವಿಯ ನಮೂನೆಯನ್ನು ಕನ್ನಡ, ತಮಿಳು ಎರಡರಲ್ಲೂ ಬರೆದು ಈ ಪತ್ರಿಕೆ ಹಂಚುವವರ ಹತ್ತಿರ ಇಡಲಾಗುವುದು. ಓದಲು ಬಾರದವರಿಗೆ ಬುಧವಾರದ ಪ್ರಾರ್ಥನಾಕೂಟದ ಮೇಲೆ ಓದಿ ಹೇಳಲಾಗುವುದು, ಮೇಸ್ತ್ರಿಗಳೂ ಬಂದು ಕೇಳಬಹುದು. ಡಿಸೆಂಬರ್ 24ರ ರಾತ್ರಿ ದೊಡ್ಡ ಮಕ್ಕಳನ್ನು ಕರೆದುಕೊಂಡು ಬೆಂಗಳೂರಿಗೆ ಹೋಗಲೇಬೇಕೆಂದು ಹೊರಡುವವರು ಕೈಗೂಸುಗಳನ್ನು ಗುಡಿಯ ಹಿಂದಿನ ಕೋಣೆಯಲ್ಲಿ ಬಿಟ್ಟುಹೋಗಬಹುದು. ಇಬ್ಬರು ಅಜ್ಜಿಯರು ಒಪ್ಪಿಕೊಂಡಿದ್ದಾರೆ, ಇನ್ನೂ ಮೂವರು ಬೇಕು. ಕಂಬಳಿ ಇರುವವರು ತಂದುಕೊಡಿ.